ಓದುವ ಮನಸ್ಸು

ಪುಸ್ತಕ ತೆರೆದು ಕುಳಿತರೂ ಓದಲು ಮನಸ್ಸಾಗದ ಸಂಜೆಗಳು ಯಾವ ವಿದ್ಯಾರ್ಥಿಗೆ ತಾನೆ ಬಂದಿಲ್ಲ? ‘ಮನಸ್ಸು ಬಂದಾಗ ಓದಿದರಾಯಿತು’ ಎಂದು ಪುಸ್ತಕವನ್ನು ಮುಚ್ಚಿಬಿಡುತ್ತೇವೆ. ಆದರೆ ಆ ಮನಸ್ಸು ತಾನಾಗಿ ಬರುವುದು ಅಪರೂಪ. ಓದತೊಡಗಿದ ಮೇಲೆಯೇ ಅದು ಮೆಲ್ಲನೆ ಬಂದು ಕೂಡಿಕೊಳ್ಳುತ್ತದೆ. ಇದು ದಡ್ಡರ ಪಾಡು ಮಾತ್ರವೆಂದು ತಿಳಿಯಬೇಡಿ.

ಸೇಡಂ ತಾಲೂಕಿನ ಮಳಖೇಡವು ಹಿಂದೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿತ್ತು. ಮೂರನೆಯ ಕೃಷ್ಣನ ಕಾಲದಲ್ಲಿ ಪುಷ್ಪದಂತನೆಂಬ ಕವಿ ಅಲ್ಲಿಗೆ ಬಂದು, ಮಂತ್ರಿ ಭರತನ ಆಶ್ರಯದಲ್ಲಿ, ಅಪಭ್ರಂಶ ಭಾಷೆಯಲ್ಲಿ ‘ಮಹಾಪುರಾಣ’ವನ್ನು ಬರೆದನು. 959ರಲ್ಲಿ ತೊಡಗಿದ ಕಾವ್ಯ ಮುಗಿದದ್ದು 965ರಲ್ಲಿ. ನಡುವೆ ಅವನ ಮನಸ್ಸು ಕುಗ್ಗಿ ಬರವಣಿಗೆ ಕೆಲಕಾಲ ನಿಂತಿತು. ಇದನ್ನು ಕವಿಯೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಸರಸ್ವತಿ ಕನಸಿನಲ್ಲಿ ಕಾಣಿಸಿಕೊಂಡಳಂತೆ, ಭರತನೂ ಒತ್ತಾಯಿಸಿದನಂತೆ. ಕನಸಿನ ಮಾತು ಹಾಗಿರಲಿ, ಭರತನಂಥ ಜೊತೆಗಾರನನ್ನು ನಾವೂ ಪಡೆಯಬಹುದು. ಚಿಂಚೋಳಿಯ ಕಡೆಯ ಇಬ್ಬರು ಗೆಳತಿಯರನ್ನು ನಾನು ಬಲ್ಲೆ. ಸಂಜೆಯ ಓದಿಗೆ ಒಬ್ಬಳು ಬಾರದಿದ್ದರೆ ಇನ್ನೊಬ್ಬಳು ಮನೆಗೇ ಹೋಗಿ ಕರೆತರುತ್ತಿದ್ದಳು.

‘ಚೆನ್ನಾಗಿ ಓದುತ್ತೇನೆ’ ಎಂಬ ಬರಿಯ ಸಂಕಲ್ಪಕ್ಕಿಂತ, ಎಲ್ಲಿ, ಯಾವಾಗ, ಹೇಗೆ ಎಂದು ಮೊದಲೇ ಗೊತ್ತುಮಾಡಿಕೊಂಡ ಸಂಕಲ್ಪವು ಹೆಚ್ಚಾಗಿ ನೆರವೇರುತ್ತದೆಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರ ಲೇಖನವೊಂದರಲ್ಲಿ ವಿವರಿಸಿದರು. ಚಿತ್ತಾಪುರದಿಂದ ವಾಡಿಗೆ ಓಡಾಡುತ್ತಿದ್ದ ನನ್ನ ಶಿಷ್ಯನೊಬ್ಬನಿಗೆ ಇದು ಹೇಗೋ ಮೊದಲೇ ತಿಳಿದಿತ್ತು. ರೈಲು ಹೊರಟೊಡನೆ ವ್ಯಾಕರಣದ ಪುಸ್ತಕ ತೆರೆಯುವನು. ವಾಡಿ ಬಂದೊಡನೆ ಮುಚ್ಚುವನು. ಇಷ್ಟವಿದೆಯೆ ಎಂದು ಮನಸ್ಸನ್ನು ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ.

ಶಹಾಬಾದಿನ ಫರಸಿಕಲ್ಲು ಪದರುಪದರಾಗಿರುವ ಸುಣ್ಣಕಲ್ಲು. ಅದನ್ನು ತೆಗೆಯುವವರು ಇಡೀ ಬಂಡೆಯೊಡನೆ ಸೆಣಸುವುದಿಲ್ಲ. ಪದರುಗಳ ಸಂದಿನಲ್ಲಿ ಉಳಿಯಿಟ್ಟು ಒಂದೊಂದೇ ಹಾಸನ್ನು ಎಬ್ಬಿಸುತ್ತಾರೆ. ಅಂಥ ಗಣಿಕೆಲಸಗಾರನ ಮಗಳೊಬ್ಬಳು ನನ್ನ ತರಗತಿಯಲ್ಲಿದ್ದಳು. ಗಣಿತದಲ್ಲಿ ಬಹಳ ಹಿಂದೆ ಬಿದ್ದು, ಶಾಲೆಯನ್ನೇ ಬಿಡುವ ಯೋಚನೆಯಲ್ಲಿದ್ದಳು.

“ಇಡೀ ಪುಸ್ತಕ ನೋಡಿದ್ರ ಎದಿ ಝಲ್ ಅಂತದ್ರಿ ಸರ” ಎಂದಳು.

“ನಿಮ್ಮಪ್ಪ ಒಂದೇ ದಿನದಾಗ ಇಡೀ ಗಣಿ ಎಬ್ಬಿಸ್ತಾನೇನವ್ವ?” ಎಂದೆ.

ಅಂದಿನಿಂದ ಅವಳು ದಿನಕ್ಕೆ ಎರಡೇ ಲೆಕ್ಕ ಮಾಡತೊಡಗಿದಳು. ತೊಗರಿ ರಾಶಿಯ ದಿನಗಳಲ್ಲಿ ಹೊಲದ ಕೆಲಸಕ್ಕೆ ಹೋಗಬೇಕಾಗಿ ಬಂದು ಆ ಕ್ರಮವೂ ತಪ್ಪಿತು. ರಾಶಿ ಮುಗಿದ ಮೇಲೆ ಮತ್ತೆ ಎರಡರಿಂದಲೇ ಆರಂಭಿಸಿದಳು; ತಪ್ಪಿದ ದಿನಗಳ ಬಾಕಿಯನ್ನು ಒಮ್ಮೆಗೇ ತೀರಿಸಲು ಹೋಗಲಿಲ್ಲ. ನಾನು ಕಲಿಸದಿದ್ದ ಜಾಣತನವಿದು. ಪರೀಕ್ಷೆಯ ಹೊತ್ತಿಗೆ ಕೊನೆಯ ಎರಡು ಅಧ್ಯಾಯಗಳು ಉಳಿದೇಹೋದವು. ಮಿಕ್ಕ ಲೆಕ್ಕಗಳನ್ನು ಅವಳು ಕರಿಹಲಗೆಯ ಮುಂದೆ ನಿಂತು ತಾನೇ ಬಿಡಿಸುತ್ತಿದ್ದಳು.