ಕಿತ್ತೂರಿನ ಸೆರೆಯಾಳು, ಲಂಡನ್ನಿನ ಕಲ್ಲು

ಸವದತ್ತಿ ಯಲ್ಲಮ್ಮನ ದರ್ಶನ ಆಯಿತು, ಗೋಕಾಕ ಜಲಪಾತ ನೋಡಿದ್ದಾಯಿತು, ಕರದಂಟಿನ ಡಬ್ಬಿ ಚೀಲ ಸೇರಿತು. ಊರಿಗೆ ಮರಳುವ ದಿನ ಯರಗಟ್ಟಿಯಲ್ಲಿ ಚಹಾ ಕುಡಿದು ಬೈಲಹೊಂಗಲದ ಕಡೆ ತಿರುಗಿದರೆ ಕಿತ್ತೂರಿನ ರಾಣಿ ಚೆನ್ನಮ್ಮನ ಸಮಾಧಿ ಸಿಗುತ್ತದೆ. ಇನ್ನೂ ಮುಂದೆ ಕಿತ್ತೂರು ಕೋಟೆ. ಕೋಟೆಯೊಳಗೆ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ.

ಅಲ್ಲಿ ಮಕ್ಕಳು ಕತ್ತಿಗಳ ಮುಂದೆಯೇ ನಿಂತುಬಿಡುತ್ತಾರೆ. ಕಲ್ಲುಗಳನ್ನು ಯಾರೂ ಅಷ್ಟಾಗಿ ಕಣ್ಣೆತ್ತಿ ನೋಡುವುದಿಲ್ಲ. ಆದರೆ ಈ ಸೀಮೆಯ ಕಲ್ಲುಗಳನ್ನು ಓದಿಸುವ ಹುಚ್ಚು ಹತ್ತಿಸಿಕೊಂಡ ಮೊದಲಿಗರಲ್ಲಿ ಒಬ್ಬ ಇದೇ ಕೋಟೆಯಲ್ಲಿ ಕೈದಿಯಾಗಿದ್ದ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಮೇಲೆ ಏರಿಬಂದ ಈಸ್ಟ್ ಇಂಡಿಯಾ ಕಂಪನಿಯ ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಬಾಗಿಲಲ್ಲಿ ಸತ್ತ. ಹೊಡೆದವನು ಅಮಟೂರು ಬಾಳಪ್ಪ ಎಂಬುದು ಇಲ್ಲಿ ಎಲ್ಲರ ಬಾಯಲ್ಲಿರುವ ಕಥೆ. ಥ್ಯಾಕರೆಯ ಸಹಾಯಕರಾದ ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್ಸನ್ ಸೆರೆ ಸಿಕ್ಕರು. ಚೆನ್ನಮ್ಮ ಅವರನ್ನು ಚೆನ್ನಾಗಿಯೇ ನೋಡಿಕೊಂಡಳು. ಸಂಧಾನದ ಭರವಸೆ ನಂಬಿ ಡಿಸೆಂಬರ್ ಆರಂಭದಲ್ಲಿ ಬಿಟ್ಟೂ ಕೊಟ್ಟಳು. ಕಂಪನಿ ಮಾತಿಗೆ ನಿಲ್ಲಲಿಲ್ಲ. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ರಾಣಿ ತೀರಿಕೊಂಡಳು.

ಎಲಿಯಟ್‌ಗೆ ಆಗ ಇಪ್ಪತ್ತೊಂದರ ಆಸುಪಾಸು. ಜೀವ ಉಳಿದದ್ದೇ ಹೆಚ್ಚೆಂದು ಬೇರೆ ಊರು ಕೇಳಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ. 1833ರವರೆಗೆ ಇದೇ ಭಾಗದಲ್ಲಿದ್ದು ಗುಡಿಯಂಗಳದ, ಹೊಲದ ಬದುವಿನ ಶಾಸನಗಳನ್ನು ನಕಲು ಮಾಡಿಸಿದ. ಒಟ್ಟು 595. ಅವುಗಳ ಆಧಾರದ ಮೇಲೆ 1837ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಲೇಖನ ಚಾಲುಕ್ಯರ ವಂಶಾವಳಿಗೆ ಒಂದು ಕ್ರಮ ಕೊಟ್ಟಿತು. ಮುಂದೆ ಸವದತ್ತಿಯ ರಟ್ಟ ಅರಸರ ಶಾಸನಗಳನ್ನು ಪ್ರಕಟಿಸಿದ ವಿದ್ವಾಂಸ ಫ್ಲೀಟ್ ನಡೆದದ್ದೂ ಈ ಹಾದಿಯಲ್ಲೇ.

ಇಷ್ಟಕ್ಕೇ ನಿಂತಿದ್ದರೆ ಎಲಿಯಟ್‌ನನ್ನು ಹೊಗಳಿ ಸುಮ್ಮನಾಗಬಹುದಿತ್ತು. ಆದರೆ 1845ರಲ್ಲಿ ಗುಂಟೂರಿಗೆ ಹೋದಾಗ ಅವನು ಅಮರಾವತಿಯ ಬೌದ್ಧ ಸ್ತೂಪ ಅಗೆಸಿದ. ಶಿಲ್ಪಗಳು ಮದ್ರಾಸಿಗೆ ಬಂದು ವರ್ಷಗಟ್ಟಲೆ ಬಿಸಿಲು ಮಳೆಯಲ್ಲಿ ಬಿದ್ದವು. 1859ರಲ್ಲಿ ಹಡಗೇರಿ ಲಂಡನ್ನಿಗೆ ಹೋದವು. ಅಲ್ಲೂ ಅವುಗಳ ಒಂದು ಪಾಲು ಗಾಡಿಖಾನೆಯಲ್ಲಿ ಮೂಲೆಗುಂಪಾಗಿತ್ತು. ಫರ್ಗುಸನ್ ಎಂಬ ವಿದ್ವಾಂಸ ಅದನ್ನು ಹುಡುಕಿ ತೆಗೆದ. ಈಗ ಅವು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಬಹುಕಾಲ ಅವಕ್ಕೆ 'ಎಲಿಯಟ್ ಮಾರ್ಬಲ್ಸ್' ಎಂದೇ ಹೆಸರು. ಕಡೆದವರ ಹೆಸರಲ್ಲ, ಅಗೆಸಿದವನ ಹೆಸರು!

ನಮ್ಮ ಸೀಮೆಯ ಪುಣ್ಯವೆಂದರೆ ಇಲ್ಲಿಂದ ಅವನು ಒಯ್ದದ್ದು ಮುಖ್ಯವಾಗಿ ಕಾಗದ. ಕಲ್ಲುಗಳು ಬಹುತೇಕ ಇದ್ದಲ್ಲೇ ಉಳಿದವು. ಓದುವುದಕ್ಕೆ ನಕಲು ಸಾಕು ಎಂಬುದನ್ನು ಅವನೇ ಇಲ್ಲಿ ತೋರಿಸಿಕೊಟ್ಟಿದ್ದ. ಅಮರಾವತಿಯಲ್ಲಿ ಅದು ಯಾಕೆ ಸಾಲಲಿಲ್ಲ ಎಂದು ಕೇಳಬೇಕಾಗುತ್ತದೆ.

ಮ್ಯೂಸಿಯಂನಿಂದ ಹೊರಬಿದ್ದರೆ ಪಾಳುಬಿದ್ದ ಅರಮನೆ. ನಿಜ ಹೇಳಬೇಕೆಂದರೆ ಒಳಗಿನ ಪೆಟ್ಟಿಗೆಗಳಿಗಿಂತ ದೊಡ್ಡ ಪ್ರದರ್ಶನ ಇದೇ. ಧ್ರುವತಾರೆ ನೋಡಲು ಬಿಟ್ಟ ಕಿಂಡಿಯ ಮುಂದೆ ಮಕ್ಕಳು ಸರದಿ ನಿಲ್ಲುತ್ತಾರೆ, ಹಗಲಾದರೂ.

ಹೆದ್ದಾರಿ ಹಿಡಿದ ಮೇಲೂ ಸಮಯ ಉಳಿದರೆ ಧಾರವಾಡದಲ್ಲಿ ಥ್ಯಾಕರೆಯ ಸ್ಮಾರಕಸ್ತಂಭವಿದೆ. 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯವೂ ಅಲ್ಲೇ, ವಿಶ್ವವಿದ್ಯಾಲಯದ ಆವರಣದಲ್ಲಿ. ರಜೆಯ ದಿನ ಹೋಗುವವರು ಬಾಗಿಲು ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.