ಬೆಳಕಿಗೊಂದು ಒರೆಗಲ್ಲು

ಮಕ್ಕಳ ಆಟದ ಮೋಟಾರು ನಿಂತಿತು, ಟಾರ್ಚು ಮಂಕಾಯಿತು ಎಂದೊಡನೆ ಸೆಲ್ಲನ್ನು ತೆಗೆದೆಸೆಯುವುದು ನಮ್ಮೆಲ್ಲರ ಮನೆಗಳ ವಾಡಿಕೆ. ಹಾಗೆ ಎಸೆದ ಸೆಲ್ಲು ಅನೇಕ ವೇಳೆ ಸತ್ತಿರುವುದಿಲ್ಲ. ಒಂದೂವರೆ ವೋಲ್ಟಿನಿಂದ ಒಂದು ವೋಲ್ಟಿನ ಆಸುಪಾಸಿಗೆ ಇಳಿದು ನಿತ್ರಾಣವಾಗಿರುತ್ತದೆ, ಅಷ್ಟೆ. ಇಂಥ ನಿತ್ರಾಣ ಸೆಲ್ಲಿನಿಂದಲೇ ಬಿಳಿಯ ಎಲ್‌ಇಡಿ ದೀಪವನ್ನು ಬೆಳಗಿಸುವ ಪುಟ್ಟದೊಂದು ವಿದ್ಯುನ್ಮಂಡಲವು ೧೯೯೯ರ ನವೆಂಬರಿನಲ್ಲಿ ಇಂಗ್ಲೆಂಡಿನ ‘ಎವೆರಿಡೇ ಪ್ರಾಕ್ಟಿಕಲ್ ಎಲೆಕ್ಟ್ರಾನಿಕ್ಸ್’ ಎಂಬ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲಿಂದ ಅದು ಹವ್ಯಾಸಿಗಳ ಕೈಯಿಂದ ಕೈಗೆ ಹರಡಿ, ‘ಜೂಲ್ ಥೀಫ್’ ಎಂಬ ಹೆಸರನ್ನೂ ಪಡೆಯಿತು. ಜೂಲ್ ಎಂಬುದು ಶಕ್ತಿಯನ್ನಳೆಯುವ ಮಾನ. ಸೆಲ್ಲಿನ ತಳದಲ್ಲಿ ಉಳಿದ ಶಕ್ತಿಯನ್ನು ಕದ್ದೊಯ್ಯುವುದರಿಂದ ಅದು ಕಳ್ಳ. ೧೯೬೭ರಲ್ಲಿ ತೆರೆ ಕಂಡ ದೇವಾನಂದರ ‘ಜ್ಯೂಯೆಲ್ ಥೀಫ್’ ಚಿತ್ರವನ್ನು ಬಲ್ಲವರಿಗೆ ಈ ಶ್ಲೇಷೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಈ ಕಳ್ಳನ ಸಲಕರಣೆ ಅತ್ಯಲ್ಪ. ಒಂದು ಟ್ರಾನ್ಸಿಸ್ಟರು, ಸಾವಿರ ಓಮಿನ ಒಂದು ರೆಸಿಸ್ಟರು, ಫೆರೈಟಿನ ಸಣ್ಣ ಉಂಗುರದ ಮೇಲೆ ಇಪ್ಪತ್ತು ಸುತ್ತಿನಂತೆ ಸುತ್ತಿದ ಜೋಡಿ ತಂತಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇವನ್ನೆಲ್ಲ ಕೊಳ್ಳಬಹುದು. ಬಿಳಿಯ ಎಲ್‌ಇಡಿಗೆ ಸುಮಾರು ೩ ವೋಲ್ಟು ಬೇಕು. ಸೆಲ್ಲಿನಲ್ಲಿರುವುದೋ ಒಂದೇ ವೋಲ್ಟು. ಟ್ರಾನ್ಸಿಸ್ಟರು ದಾರಿ ಬಿಟ್ಟಾಗ ತಂತಿಯಲ್ಲಿ ಪ್ರವಾಹವೇರಿ ಉಂಗುರದಲ್ಲಿ ಕಾಂತಶಕ್ತಿ ತುಂಬುತ್ತದೆ. ಒಂದು ಮಿತಿ ಮುಟ್ಟಿದಾಗ ಟ್ರಾನ್ಸಿಸ್ಟರು ತಟ್ಟನೆ ದಾರಿ ಮುಚ್ಚುತ್ತದೆ. ಕುಸಿಯುವ ಕಾಂತಕ್ಷೇತ್ರವು ಹೆಚ್ಚಿನ ವೋಲ್ಟೇಜನ್ನು ಹುಟ್ಟಿಸಿ ದೀಪವನ್ನು ಮಿನುಗಿಸುತ್ತದೆ. ಏತದಲ್ಲಿ ಮೊಗೆಮೊಗೆದು ತಗ್ಗಿನ ನೀರನ್ನು ಎತ್ತರದ ಕಾಲುವೆಗೆ ಸುರಿದಂತೆ ಈ ಕ್ರಿಯೆಯು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ನಡೆಯುವುದರಿಂದ ನಮ್ಮ ಕಣ್ಣಿಗೆ ಅದು ಅಖಂಡ ಜ್ಯೋತಿ.

ಇಲ್ಲಿಯವರೆಗೆ ತಕರಾರಿಲ್ಲ. ತಕರಾರು ಹುಟ್ಟುವುದು ಆಮೇಲೆ. ಒಬ್ಬರು ಎರಡು ಸುತ್ತು ಹೆಚ್ಚು ಸುತ್ತುತ್ತಾರೆ, ಇನ್ನೊಬ್ಬರು ಟ್ರಾನ್ಸಿಸ್ಟರನ್ನು ಬದಲಿಸುತ್ತಾರೆ. “ಸೆಲ್ಲಿನ ಖರ್ಚು ಅರ್ಧವಾಯಿತು, ಬೆಳಕು ಮಾತ್ರ ಮೊದಲಿನಷ್ಟೇ ಇದೆ” ಎಂದು ಸಾರುತ್ತಾರೆ. ಸಾಕ್ಷಿ ಯಾರು? ಅವರ ಕಣ್ಣು! ಈ ಸಾಕ್ಷಿಯನ್ನು ಸ್ವಲ್ಪ ಪಾಟೀಸವಾಲಿಗೆ ಒಳಪಡಿಸೋಣ.

ನಕ್ಷತ್ರಗಳ ಬೆಳಕಿನಿಂದ ನಡುಹಗಲಿನ ಬಿಸಿಲಿನವರೆಗೆ ಎಲ್ಲವನ್ನೂ ಸಹಿಸಿಕೊಳ್ಳಬೇಕಾದ ಕಣ್ಣು, ಬೆಳಕು ಏರಿದಷ್ಟೇ ಪ್ರಮಾಣದಲ್ಲಿ ಏರುಪೇರನ್ನು ಮನಸ್ಸಿಗೆ ತಿಳಿಸುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಎಸ್. ಎಸ್. ಸ್ಟೀವನ್ಸರು ೧೯೫೭ರಲ್ಲಿ ಮಂಡಿಸಿದ ನಿಯಮದಂತೆ, ಕತ್ತಲೆಯಲ್ಲಿ ಕಾಣುವ ಬೆಳಕಿನ ಪ್ರಖರತೆಯು ನಮಗೆ ತೋರುವುದು ಹೆಚ್ಚುಕಡಿಮೆ ಅದರ ಘನಮೂಲದಂತೆ. ದೀಪವು ಎರಡರಷ್ಟು ಪ್ರಖರವಾಗಿ ತೋರಬೇಕಾದರೆ ಬೆಳಕು ಎಂಟರಷ್ಟಾಗಬೇಕು. ಬೆಳಕು ಅರ್ಧಕ್ಕಿಳಿದರೂ ಕಣ್ಣಿಗೆ ಸುಮಾರು ಐದರಲ್ಲಿ ನಾಲ್ಕು ಪಾಲು ಉಳಿದಂತೆಯೇ ಭಾಸವಾಗುತ್ತದೆ. ಅದರ ಮೇಲೆ, ಒಂದು ದೀಪವನ್ನು ನೋಡಿ, ಬೆಸುಗೆ ಬಿಡಿಸಿ, ಹತ್ತು ನಿಮಿಷದ ಬಳಿಕ ಇನ್ನೊಂದನ್ನು ನೋಡುವ ಹೊತ್ತಿಗೆ ಮೊದಲಿನದರ ನೆನಪೆಷ್ಟು ಉಳಿದಿರುತ್ತದೆ! ಅರ್ಧ ಖರ್ಚಿನಲ್ಲಿ ಪೂರ್ತಿ ಬೆಳಕು ಎಂಬ ಪವಾಡದ ಗುಟ್ಟು ಬಹುಮಟ್ಟಿಗೆ ಇಷ್ಟೆ.

ಬಿಟ್ಟುಬಿಟ್ಟು ಮಿನುಗಿಸಿದ ದೀಪವು ಸತತವಾಗಿ ಉರಿಯುವ ದೀಪಕ್ಕಿಂತ ಪ್ರಖರವಾಗಿ ತೋರುತ್ತದೆಂಬ ನಂಬಿಕೆಯೂ ಬಲವಾಗಿದೆ. ಅತಿವೇಗದ ಮಿನುಗು ಕಣ್ಣಿಗೆ ತೋರುವುದು ಅದರ ಸರಾಸರಿ ಬೆಳಕಿನಷ್ಟೇ ಎಂದು ಇಂಗ್ಲೆಂಡಿನ ಟಾಲ್ಬಟ್, ಬೆಲ್ಜಿಯಮಿನ ಪ್ಲಾಟೋ ಹತ್ತೊಂಬತ್ತನೆಯ ಶತಮಾನದಲ್ಲಿಯೇ ತಿಳಿಸಿದ್ದರು. ಬಿಳಿಯ ಎಲ್‌ಇಡಿಯ ಮಟ್ಟಿಗಂತೂ, ಕ್ಷಣಕಾಲ ಹೆಚ್ಚು ಪ್ರವಾಹ ತುರುಕಿದರೆ ಅದು ಕೊಡುವ ಬೆಳಕು ಆ ಪ್ರಮಾಣದಲ್ಲಿ ಏರದೆ ಹಿಂದೆ ಬೀಳುತ್ತದೆ.

ಅಂಗಡಿಯ ಪೊಟ್ಟಣದ ಮೇಲಿನ ಅಂಕಿಗಳೂ ಮೋಸಗೊಳಿಸುತ್ತವೆ. ‘೧೦,೦೦೦ ಮಿಲಿಕ್ಯಾಂಡೆಲಾ’ ಎಂದು ಕಂಡೊಡನೆ ಹುಡುಗರು ಮುಗಿಬೀಳುತ್ತಾರೆ. ಕ್ಯಾಂಡೆಲಾ ತಿಳಿಸುವುದು ಒಂದು ದಿಕ್ಕಿನಲ್ಲಿ ಹೊರಟ ಬೆಳಕಿನ ತೀವ್ರತೆಯನ್ನು. ಒಟ್ಟು ಬೆಳಕಿನ ಅಳತೆ ಲ್ಯೂಮೆನ್. ತೋಟದ ಕೊಳವೆಯ ಬಾಯನ್ನು ಹೆಬ್ಬೆರಳಿನಿಂದ ಅಮುಕಿದರೆ ನೀರು ದೂರ ಚಿಮ್ಮುತ್ತದೆಯೇ ಹೊರತು ಹೆಚ್ಚುವುದಿಲ್ಲವಷ್ಟೆ. ೧೫ ಡಿಗ್ರಿಯ ಕಿರಿದಾದ ಕೋನದಲ್ಲಿ ೧೦,೦೦೦ ಮಿಲಿಕ್ಯಾಂಡೆಲಾ ಬೀರುವ ದೀಪದ ಒಟ್ಟು ಬೆಳಕು ಸುಮಾರು ಅರ್ಧ ಲ್ಯೂಮೆನ್. ೬೦ ಡಿಗ್ರಿಯಲ್ಲಿ ಬರಿಯ ೨,೦೦೦ ಬೀರುವ ‘ಬಡ’ ದೀಪದ್ದು ಒಂದೂವರೆ ಲ್ಯೂಮೆನ್ನಿಗೂ ಮಿಗಿಲು. ಮೊದಲನೆಯದು ಕಣ್ಣು ಕುಕ್ಕುತ್ತದೆ. ಎರಡನೆಯದರಲ್ಲಿ ಪುಸ್ತಕದ ಪುಟವಿಡೀ ಕಾಣುತ್ತದೆ. ವಿದ್ಯುತ್ತು ಹೋದ ರಾತ್ರಿ ಮರುದಿನದ ಪರೀಕ್ಷೆಗೆ ಓದಬೇಕಾದ ಮಗುವಿಗೆ ಬೇಕಾದುದು ಯಾವುದು?

ಹಾಗಾದರೆ ನಂಬತಕ್ಕ ಒರೆಗಲ್ಲು ಯಾವುದು? ಬಾಂಡಲಿಯ ಪಕ್ಕದಲ್ಲಿಯೇ ಇದೆ. ತೆಳುವಾದ ಬಿಳಿಯ ಕಾಗದದ ನಡುವೆ ಕೊಬ್ಬರಿ ಎಣ್ಣೆಯ ಒಂದು ತೊಟ್ಟು. ಬರ್ನರಿನಿಂದ ಪ್ರಸಿದ್ಧರಾದ ಜರ್ಮನಿಯ ಬುನ್ಸೆನ್ನರೇ ಬೆಳಕನ್ನಳೆಯಲು ರೂಢಿಗೆ ತಂದ ಉಪಾಯವಿದು. ಎದುರಿನಿಂದ ಬೆಳಕು ಬಿದ್ದರೆ ಎಣ್ಣೆಯ ಕಲೆ ಕಪ್ಪಾಗಿಯೂ ಹಿಂದಿನಿಂದ ಬಿದ್ದರೆ ಹೊಳಪಾಗಿಯೂ ಕಾಣುತ್ತದೆ. ಎರಡೂ ಕಡೆಯ ಬೆಳಕು ಸಮವಾದಾಗ ಕಲೆಯು ಬಹುತೇಕ ಮಾಯವಾಗುತ್ತದೆ.

ಕತ್ತಲೆಯ ಕೋಣೆಯಲ್ಲಿ ಕಾಗದದ ಒಂದು ಕಡೆ ಕಳ್ಳನ ದೀಪ, ಇನ್ನೊಂದು ಕಡೆ ಅಷ್ಟೇ ದೂರದಲ್ಲಿ ಅದೇ ಪೊಟ್ಟಣದ ಇನ್ನೊಂದು ಎಲ್‌ಇಡಿ. ಈ ಎರಡನೆಯದನ್ನು ಮೂರು ಸೆಲ್ಲು ಹಾಗೂ ತಿರುಗಿಸಬಲ್ಲ ರೆಸಿಸ್ಟರಿನ ಮೂಲಕ ಸತತವಾಗಿ ಉರಿಸಿ, ಕಲೆ ಮಾಯವಾಗುವವರೆಗೆ ತಿರುಗಿಸಿ, ಆಗ ಅದರಲ್ಲಿ ಹರಿಯುವ ಪ್ರವಾಹವನ್ನು ಮೀಟರಿನಲ್ಲಿ ಓದಿಕೊಳ್ಳಬೇಕು. ಬೆಳಕು ಎಷ್ಟೆಂದು ಕೇಳಿದರೆ ತಡವರಿಸುವ ಕಣ್ಣು, ಎರಡೂ ಸಮವೇ ಎಂದು ಕೇಳಿದರೆ ಬಲು ಚೊಕ್ಕವಾಗಿ ಉತ್ತರಿಸುತ್ತದೆ. ಮಿನುಗುವ ದೀಪಕ್ಕೇ ಮೀಟರನ್ನು ಹಿಡಿದರೆ ಅದು ತೋರಿಸುವ ಅಂಕಿಯನ್ನು ನೆಚ್ಚುವಂತಿಲ್ಲ. ಸತತ ಪ್ರವಾಹದಲ್ಲಾದರೆ ನೆಚ್ಚಬಹುದು.

ಉದಾಹರಣೆಗೆ, ೮ ಮಿಲಿಆಂಪಿಯರಿನಲ್ಲಿ ಕಲೆ ಮಾಯವಾಯಿತೆನ್ನಿ. ೩ ವೋಲ್ಟಿನಂತೆ ೨೪ ಮಿಲಿವ್ಯಾಟ್. ಕಳ್ಳನು ೧.೨ ವೋಲ್ಟಿನ ಸೆಲ್ಲಿನಿಂದ ೪೦ ಮಿಲಿಆಂಪಿಯರ್ ಎಳೆಯುತ್ತಿದ್ದರೆ ಅದು ೪೮ ಮಿಲಿವ್ಯಾಟ್. ಕದ್ದ ಮಾಲಿನಲ್ಲಿ ಅರ್ಧವಷ್ಟೇ ದೀಪಕ್ಕೆ ತಲುಪಿತು!

ಇನ್ನು ಹವ್ಯಾಸಿಗಳು ಮೂಗು ಮುರಿಯುವ ಸಾದಾ ವಿಧಾನ: ಮೂರು ಹೊಸ ಸೆಲ್ಲು, ೭೫ ಓಮಿನ ಒಂದು ರೆಸಿಸ್ಟರು, ಒಂದು ಎಲ್‌ಇಡಿ. ನಾಲ್ಕೂವರೆ ವೋಲ್ಟಿನಲ್ಲಿ ಮೂರು ವೋಲ್ಟು ದೀಪಕ್ಕೆ ಸಲ್ಲುವುದರಿಂದ ಮೂರರಲ್ಲಿ ಎರಡು ಪಾಲು ಸದುಪಯೋಗ. ಹೊಸ ಸೆಲ್ಲಿನ ಮಟ್ಟಿಗೆ ಈ ಬಡಪಾಯಿ ರೆಸಿಸ್ಟರೇ ಮೇಲು ಎಂದು ನನ್ನ ಮತ. ಆದರೆ ಮೂರೂ ಸೆಲ್ಲುಗಳು ಒಂದೊಂದು ವೋಲ್ಟಿಗಿಳಿದಾಗ ಅದರ ದೀಪ ಆರಿದಂತೆಯೇ ಸರಿ. ಕಳ್ಳನ ಕಸುಬು ಆರಂಭವಾಗುವುದು ಅಲ್ಲಿಂದ. ಆದುದರಿಂದ ಹೊಸ ಸೆಲ್ಲನ್ನು ರೆಸಿಸ್ಟರಿಗೂ ಬಳಲಿದ ಸೆಲ್ಲನ್ನು ಕಳ್ಳನಿಗೂ ಕೊಡುವುದೇ ಮನೆಗೆ ಲಾಭ. “ಸತ್ತ ಸೆಲ್ಲಿನಲ್ಲಿ ವಾರಗಟ್ಟಲೆ ಉರಿಯಿತು” ಎಂಬ ವರದಿಗಳು ಸುಳ್ಳಲ್ಲದಿರಬಹುದು. ಕೊನೆಯ ದಿನಗಳಲ್ಲಿ ಅದರ ಬೆಳಕಿನಲ್ಲಿ ಒಂದು ಸಾಲನ್ನಾದರೂ ಓದಲು ಸಾಧ್ಯವಾಯಿತೇ ಎಂದು ಮಾತ್ರ ಕೇಳಬೇಕು.

ಹೀಗೆ ಹಿಂಡಿ ಬರಿದಾದ ಆಲ್ಕಲೈನ್ ಸೆಲ್ಲನ್ನು ದೀಪದೊಳಗೇ ಮರೆತುಬಿಡಬಾರದು. ಒಳಗಿನ ಕ್ಷಾರದ್ರಾವಣವು ಸೋರಿ ತಾಮ್ರದ ತಂತಿಯನ್ನೂ ಬೆಸುಗೆಯನ್ನೂ ತಿನ್ನುತ್ತದೆ. ಸೋರಿದ ಸೆಲ್ಲನ್ನು ಮಕ್ಕಳ ಕೈಗೆ ಸಿಗದಂತೆ ತೆಗೆಯಬೇಕು.