ಹೆಸರು ಹಳೆಯದು, ಒಳಗಿರುವುದು ಯಾರದು?

ಮನೆಗೆ ಹೊಸ ಮೊಬೈಲ್ ತರುವಾಗ ನೀವು ಮೊದಲು ನೋಡುವುದೇನು? ಬೆಲೆ. ಆಮೇಲೆ? ಹೆಸರು. "ಇದು ಹಳೀ ಕಂಪನಿ ರೀ, ಕಣ್ಣು ಮುಚ್ಚಿ ತಗೊಳ್ರಿ" ಎಂದು ಅಂಗಡಿಯವರು ಹೇಳಿದರೆ ಸಾಕು, ನಮ್ಮ ಅರ್ಧ ಸಂಶಯ ಅಲ್ಲೇ ಕರಗುತ್ತದೆ. ವಿಜಯಪುರದ ಗಾಂಧಿ ಚೌಕದಲ್ಲಾಗಲಿ, ತಿಕೋಟಾ, ಬಬಲೇಶ್ವರಗಳ ಪುಟ್ಟ ಅಂಗಡಿಗಳಲ್ಲಾಗಲಿ ನಡೆಯುವುದು ಇದೇ. ಆ ಹಳೆಯ ಹೆಸರು ಇಂದು ಯಾರ ಕೈಯಲ್ಲಿದೆ ಎಂದು ಕೇಳುವವರು ಮಾತ್ರ ವಿರಳ.

ನಮ್ಮ ಊರನ್ನೇ ನೋಡಿ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಹೆಸರು ಬದಲಾದರೂ ಗೋಲಗುಮ್ಮಟ ಅಲ್ಲೇ ಇದೆ, ಜನರೂ ಅವರೇ. ಮೊಬೈಲ್ ಪೇಟೆಯಲ್ಲಿ ಇದು ತಿರುವುಮುರುವು. ಹೆಸರು ಹಾಗೆಯೇ ಇರುತ್ತದೆ, ಒಳಗಿನದೆಲ್ಲ ಬದಲಾಗಿರುತ್ತದೆ.

ಬಾಡಿಗೆಗೆ ಸಿಗುವ ಹೆಸರು

ಟಾರ್ಚ್ ಇದ್ದ ನೋಕಿಯಾ 1100 ನಿಮಗೆ ನೆನಪಿರಬಹುದು. 2003ರಲ್ಲಿ ಬಂದ ಅದು ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದನ್ನು ತಯಾರಿಸಿದ ಫಿನ್ಲೆಂಡಿನ ಕಂಪೆನಿ 2014ರಲ್ಲಿ ತನ್ನ ಮೊಬೈಲ್ ವ್ಯವಹಾರವನ್ನು ಮೈಕ್ರೋಸಾಫ್ಟ್‌ಗೆ ಮಾರಿಬಿಟ್ಟಿತು. ಚೆನ್ನೈ ಸಮೀಪದ ಶ್ರೀಪೆರಂಬುದೂರಿನ ಅದರ ಕಾರ್ಖಾನೆಯೂ ಅದೇ ವರ್ಷ ಮುಚ್ಚಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹಳಷ್ಟು ಮಂದಿ ಯುವತಿಯರು. 2016ರಲ್ಲಿ ಮೊಬೈಲ್‌ಗಳ ಮೇಲೆ ನೋಕಿಯಾ ಹೆಸರು ಹಾಕುವ ಹಕ್ಕು ಎಚ್‌ಎಂಡಿ ಗ್ಲೋಬಲ್ ಎಂಬ ಹೊಸ ಕಂಪೆನಿಗೆ ಹೋಯಿತು. 2017ರಲ್ಲಿ ಹಳೆಯ 3310 ಮತ್ತೆ ಪೇಟೆಗೆ ಬಂದಾಗ ಅದನ್ನು ತಂದದ್ದು ಈ ಕಂಪೆನಿಯೇ.

ತೈವಾನಿನ ಎಚ್‌ಟಿಸಿ ಕತೆಯೂ ಇಂತಹದೇ. ಒಂದು ಕಾಲದಲ್ಲಿ ದುಬಾರಿ ಮೊಬೈಲ್‌ಗಳಿಗೆ ಹೆಸರಾಗಿದ್ದ ಆ ಕಂಪೆನಿ 2017ರಲ್ಲಿ ತನ್ನ ಎಂಜಿನಿಯರುಗಳ ದೊಡ್ಡ ತಂಡವೊಂದನ್ನು 110 ಕೋಟಿ ಡಾಲರಿಗೆ ಗೂಗಲ್‌ಗೆ ಬಿಟ್ಟುಕೊಡಲು ಒಪ್ಪಿತು. 2019ರ ಆಗಸ್ಟ್‌ನಲ್ಲಿ ಭಾರತದ ಪೇಟೆಗೆ 'ವೈಲ್ಡ್‌ಫೈರ್ ಎಕ್ಸ್' ಬಂತು. ಮೇಲಿನ ಹೆಸರು ಎಚ್‌ಟಿಸಿ. ಪರವಾನಗಿ ಪಡೆದು ತಂದದ್ದು ಇನ್‌ಒನ್ ಸ್ಮಾರ್ಟ್ ಟೆಕ್ನಾಲಜಿ ಎಂಬ ಬೇರೆಯೇ ಸಂಸ್ಥೆ.

ಟಿ.ವಿ.ಗಳಲ್ಲೂ ಇದು ನಡೆದಿದೆ. ಹಳೆಯ ಕೊಡಾಕ್, ಥಾಮ್ಸನ್ ಹೆಸರುಗಳಲ್ಲಿ ನಮ್ಮ ದೇಶದಲ್ಲಿ ಟಿ.ವಿ. ಮಾರಿದ್ದು ಸೂಪರ್ ಪ್ಲಾಸ್ಟ್ರಾನಿಕ್ಸ್ ಎಂಬ ಭಾರತೀಯ ಕಂಪೆನಿ.

ಇದು ಮೋಸವೇ?

ಅಲ್ಲ. ಹೆಸರಿನ ಒಡೆಯರಿಂದ ಪರವಾನಗಿ ಪಡೆದು ಮಾರುವುದು ಕಾನೂನುಬದ್ಧ ವ್ಯಾಪಾರ. ಚೀನಾದ ಶೆನ್‌ಝೆನ್ ಮುಂತಾದೆಡೆ ಮೊಬೈಲ್ ವಿನ್ಯಾಸ ಮಾಡಿ, ಸಿದ್ಧಪಡಿಸಿಯೇ ಕೊಡುವ ಕಾರ್ಖಾನೆಗಳಿವೆ. ಹಣ ಕೊಟ್ಟವರು ತಮ್ಮ ಹೆಸರನ್ನು ಅಚ್ಚು ಹಾಕಿಸಿಕೊಳ್ಳುತ್ತಾರೆ. ಒಂದೇ ಮೊಬೈಲ್ ಎರಡು ದೇಶಗಳಲ್ಲಿ ಎರಡು ಹೆಸರಿನಿಂದ ಮಾರಾಟವಾಗುವುದೂ ಉಂಟು. ಅವುಗಳಲ್ಲಿ ಒಳ್ಳೆಯವೂ ಇವೆ.

ಆದರೆ ನೀವು ಬೆಲೆ ಕೊಡುವುದು ಹಳೆಯ ನಂಬಿಕೆಗೆ. ತಿಕೋಟಾದ ಒಣದ್ರಾಕ್ಷಿ ಎಂದು ಬರೆದ ಡಬ್ಬಿಯಲ್ಲಿ ಬೇರೆಲ್ಲಿಯದೋ ಸರಕಿದ್ದರೆ ತಿಂದು ನೋಡಿಯಾದರೂ ತಿಳಿಯಬಹುದು. ಮೊಬೈಲ್‌ನ ರುಚಿ ಗೊತ್ತಾಗುವುದು ವರ್ಷ ಕಳೆದ ಮೇಲೆ. ಪರವಾನಗಿಯ ಅವಧಿ ಮುಗಿದರೆ ಬಿಡಿಭಾಗ ಸಿಗದೇ ಹೋಗಬಹುದು, ಸುರಕ್ಷತೆಯ ಅಪ್‌ಡೇಟ್ ನಿಲ್ಲಬಹುದು. ಅಪ್‌ಡೇಟ್ ನಿಂತ ಮೊಬೈಲ್ ಚಿಲಕ ಸಡಿಲವಾದ ಬಾಗಿಲಿನಂತೆ. ನಿಮ್ಮ ಬ್ಯಾಂಕಿನ ಒಟಿಪಿ, ಸಂಘದ ಉಳಿತಾಯದ ಲೆಕ್ಕ, ಮಕ್ಕಳ ಫೋಟೋ ಎಲ್ಲವೂ ಅದರೊಳಗೇ ಇವೆ.

ಇನ್ನು ನಿಜವಾದ ವಂಚನೆಯೇ ಬೇರೆ. 2016ರಲ್ಲಿ 251 ರೂಪಾಯಿಗೆ ಸ್ಮಾರ್ಟ್‌ಫೋನ್ ಎಂದು 'ಫ್ರೀಡಂ 251' ದೇಶವನ್ನೇ ಮರುಳು ಮಾಡಿತು. ಪತ್ರಕರ್ತರಿಗೆ ತೋರಿಸಿದ ಮೊಬೈಲ್‌ನಲ್ಲಿ ಆಡ್‌ಕಾಮ್ ಎಂಬ ಇನ್ನೊಂದು ಕಂಪೆನಿಯ ಹೆಸರನ್ನು ಬಿಳಿ ಬಣ್ಣದಿಂದ ಮುಚ್ಚಲಾಗಿತ್ತು!

ಕೊಳ್ಳುವ ಮುನ್ನ

* ಡಬ್ಬಿಯ ಹಿಂಬದಿ ಓದಿ. ತಯಾರಿಸಿದವರ ಅಥವಾ ಆಮದು ಮಾಡಿಕೊಂಡವರ ಹೆಸರು, ವಿಳಾಸ, ಗರಿಷ್ಠ ಬೆಲೆ, ತಯಾರಾದ ತಿಂಗಳು, ದೂರು ಸಲ್ಲಿಸುವ ವಿಳಾಸ ಅಲ್ಲಿರಲೇಬೇಕು. ದೊಡ್ಡ ಅಕ್ಷರದ ಹೆಸರಿಗಿಂತ ಈ ಸಣ್ಣ ಅಕ್ಷರಗಳೇ ಮುಖ್ಯ.

* *#06# ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ 'ಕೆವೈಎಂ' ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಸಂದೇಶ ಕಳುಹಿಸಿ. ಮೊಬೈಲ್‌ನ ಕಂಪೆನಿ, ಮಾದರಿ ಯಾವುದೆಂದು ಉತ್ತರ ಬರುತ್ತದೆ. ಡಬ್ಬಿಯ ಮೇಲಿನದಕ್ಕೆ ಅದು ಹೊಂದದಿದ್ದರೆ ಕೊಳ್ಳಬೇಡಿ.

* ಸೆಟ್ಟಿಂಗ್‌ನಲ್ಲಿ ಆಂಡ್ರಾಯ್ಡ್ ಯಾವುದು, ಕೊನೆಯ ಸುರಕ್ಷತಾ ಅಪ್‌ಡೇಟ್ ಯಾವ ತಿಂಗಳದ್ದು ಎಂದು ನೋಡಿ. ಇನ್ನೆಷ್ಟು ವರ್ಷ ಅಪ್‌ಡೇಟ್ ಸಿಗುತ್ತದೆ ಎಂದು ಕೇಳಿ.

* '12 ಜಿಬಿ ರ‍್ಯಾಮ್' ಎಂದು ಬರೆದಿದ್ದರೆ ಅದರಲ್ಲಿ ನಿಜವಾದದ್ದೆಷ್ಟು ಎಂದು ವಿಚಾರಿಸಿ. 6 ನಿಜವಾದದ್ದು, ಉಳಿದ 6 ಸಂಗ್ರಹದ ಜಾಗದಿಂದ ಎರವಲು ತಂದದ್ದು ಇರಬಹುದು.

* ಸರ್ವಿಸ್ ಸೆಂಟರ್ ವಿಜಯಪುರದಲ್ಲೇ ಇದೆಯೇ? ಅಲ್ಲಿಗೆ ಮೊದಲೇ ಫೋನ್ ಮಾಡಿ ನೋಡಿ. ರಿಪೇರಿಗಾಗಿ ಬಬಲೇಶ್ವರದಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳುಹಿಸಬೇಕಾದರೆ ಅಗ್ಗದ್ದು ಅಗ್ಗವಾಗಿ ಉಳಿಯದು.

* ಪಕ್ಕಾ ಬಿಲ್ ಪಡೆಯಿರಿ. ಅದರಲ್ಲಿ ಐಎಂಇಐ ಸಂಖ್ಯೆ ಬರೆಸಿರಿ.

ದೂರು ಕೊಡಲು ಹಿಂಜರಿಯದಿರಿ

ಮೋಸ ಹೋದೆವೆಂದು ಮನೆಯಲ್ಲಿ ಬೈಗುಳಕ್ಕೆ ಅಂಜಿ ಸುಮ್ಮನಾಗುವ ಸಹೋದರಿಯರೇ ಹೆಚ್ಚು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಪರಿಹಾರ ಸಿಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಐದು ಲಕ್ಷ ರೂಪಾಯಿವರೆಗಿನ ಸರಕಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ.

ಸಹೋದರಿಯರೇ, ಹೊಲಿಗೆಯಿಂದಲೋ ದ್ರಾಕ್ಷಿ ತೋಟದ ಕೂಲಿಯಿಂದಲೋ ಕೂಡಿಟ್ಟ ಎಂಟು-ಹತ್ತು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ನೋಡುತ್ತೀರಿ, ಅಕ್ಕಿ ಕೊಳ್ಳುವಾಗ ಅಂಗೈಯಲ್ಲಿ ಹಾಕಿ ನೋಡುತ್ತೀರಿ. ಮೊಬೈಲ್ ಕೊಳ್ಳುವಾಗಲೂ ಡಬ್ಬಿಯನ್ನೊಮ್ಮೆ ತಿರುಗಿಸಿ ನೋಡಿ. "ಹೆಸರು ಗೊತ್ತಾಯಿತು. ಮಾಡಿದವರು ಯಾರು, ಕೆಟ್ಟರೆ ಹೊಣೆ ಯಾರು?" ಎಂದು ಕೇಳುವುದು ನಿಮ್ಮ ಹಕ್ಕು.